ನಿಂತು ಉಂಡ ದಿನಗಳು

ಮೊಮ್ಮಕ್ಕಳಿರಾ, ಆಯಿ ಯಾಕೆ ನಮ್ಮ ಜೊತೆ ಊಟಕ್ಕೆ ಕೂರುವುದಿಲ್ಲ ಎಂದು ಒಂದು ಕಾಲದಲ್ಲಿ ನಿಮ್ಮವ್ವನನ್ನು ಕೇಳುತ್ತಿದ್ದಿರಿ. ಬಾಯಿಬಿಟ್ಟು ಹೇಳಲು ನನಗೆ ಇಂದಿಗೂ ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ.

ಬೆನ್ನಿನ ಕೆಳತುದಿಯಲ್ಲಿ, ಪಿರ್ರೆಗಳ ಸೀಳು ಶುರುವಾಗುವಲ್ಲಿ ನನಗೊಂದು ಗಂಟಾಗಿತ್ತು. ಒಡೆದು ಕೀವು ಸೋರುತ್ತಿತ್ತು, ಮಾಯುತ್ತಿತ್ತು, ಮತ್ತೆ ಏಳುತ್ತಿತ್ತು. ಕೂತರೆ ಜೀವ ಹೋಗುವಷ್ಟು ನೋವು. ನಿಮ್ಮಜ್ಜ ಇದ್ದಿದ್ದರೆ ಅವರಿಗೆ ಹೇಳುತ್ತಿದ್ದೆ. ಅವರು ಹೋದ ಮೇಲೆ ಅಂಥ ಮಾತು ಹೇಳಲು ನನಗೆ ಯಾರೂ ಉಳಿದಿರಲಿಲ್ಲ. ನಮ್ಮೂರ ಡಾಕ್ಟರು ಗಂಡಸು. ಅವರ ಮುಂದೆ "ಸೊಂಟ ನೋವ್ರಿ" ಎಂದೆ. ಗುಳಿಗೆ ಬರೆದು ಸೊಂಟಕ್ಕೆ ಪಟ್ಟಿ ಕೊಟ್ಟರು. ಪಟ್ಟಿಯ ಅಂಚು ಗಂಟಿನ ಮೇಲೇ ಒತ್ತುತ್ತಿತ್ತು. ಆದರೂ ಬಿಗಿದುಕೊಂಡು ತಿರುಗಿದೆ.

ಮದುವೆಯ ಪಂಕ್ತಿಗೆ ಹೋಗುವುದನ್ನು ಬಿಟ್ಟೆ. ಬರಬರುತ್ತ ಓಣಿಯವರು ಕರೆಯುವುದನ್ನೂ ಬಿಟ್ಟರು. ಪಡಸಾಲೆಯಲ್ಲಿ ನೀವೆಲ್ಲ ಉಣ್ಣುತ್ತ ನಗುವುದು ಕೇಳುತ್ತಿತ್ತು. ನಾನು ಅಡುಗೆ ಕಟ್ಟೆಯ ಬಳಿ ನಿಂತು, ಗೋಡೆಯ ಕಡೆ ಮುಖ ಮಾಡಿ ರೊಟ್ಟಿ ಮುರಿಯುತ್ತಿದ್ದೆ.

ಒಂದು ದಿನ ನಿಮ್ಮವ್ವ ನನ್ನ ಸೀರೆಯ ಕಲೆ ನೋಡಿದಳು.

"ಅತ್ತಿ, ಇದೇನ್ರಿ?"

"ಏನಿಲ್ಲ ಬಿಡವಾ."

"ಏನಿಲ್ಲಂದ್ರ ಸೀರಿಗೇ ಕೀವ ಆಗೇತೇನ್ರಿ? ಇಷ್ಟದಿನ ನಿಮಗ ನನ್ನ ಮ್ಯಾಲ ಸಿಟ್ಟ ಐತಿ ಅಂತ ತಿಳದಿದ್ನೆಲ್ರಿ!"

ಅವಳೇ ಬೈಲಹೊಂಗಲಕ್ಕೆ, ಆಪರೇಷನ್ ಮಾಡುವ ಒಬ್ಬ ಡಾಕ್ಟರಮ್ಮನ ಬಳಿ ಕರೆದೊಯ್ದಳು. ಇದು ಪೈಲೊನೈಡಲ್ ಸೈನಸ್, ಕೂದಲು ಚರ್ಮದೊಳಗೆ ಸೇರಿ ಹುಣ್ಣಾಗಿ ಒಳಗೊಳಗೇ ದಾರಿ ಮಾಡಿಕೊಳ್ಳುವ ರೋಗ ಎಂದರು. ಬರೀ ಕೊಯ್ದು ಸೀಳಿನ ನಡುವೆ ನೆಟ್ಟಗೆ ಹೊಲಿದರೆ ಎಳೆತಕ್ಕೆ, ಬೆವರಿಗೆ ಹೊಲಿಗೆ ಬಿಡಬಹುದು, ರೋಗ ಮರಳಬಹುದು. ಹಾಗಾಗಿ ಪಕ್ಕದ ಚರ್ಮ ಸರಿಸಿ ಮುಚ್ಚಬೇಕು ಎಂದರು. ಅದಕ್ಕೆ ಅವರು ಎರಡು ದಾರಿ ಚಿತ್ರ ಬರೆದು ತೋರಿಸಿದರು. ಒಂದರಲ್ಲಿ ಕೆಟ್ಟ ಭಾಗವನ್ನು ಶಂಕರಪೋಳಿಯ ಹಾಗೆ ಓರೆ ಚೌಕದ ಆಕಾರದಲ್ಲಿ ತೆಗೆದು, ಪಕ್ಕದಿಂದ ಅದೇ ಆಕಾರದ ತುಂಡನ್ನು ಬುಡ ಕಡಿಯದೆ ತಿರುಗಿಸಿ ಕೂರಿಸುತ್ತಾರೆ; ಸೀಳಿನ ಆಳ ಹೋಗಿ ಸಪಾಟಾಗುತ್ತದೆ. ಇನ್ನೊಂದರಲ್ಲಿ ಕೊಂಚ ಬದಿಗೆ ಉದ್ದಕ್ಕೆ ಕೊಯ್ದು, ಒಂದು ಅಂಚನ್ನು ಎತ್ತಿ ಆಚೆಗೆಳೆದು, ನಡುಗೆರೆಯ ಪಕ್ಕಕ್ಕೆ ಹೊಲಿಯುತ್ತಾರೆ, ಗುರುತು ಸಣ್ಣದು.

"ಎರಡೂ ಚಲೋನ ಮಾಯತಾವ್ರಿ. ನಿಮ್ಮದು ಎರಡೂ ಕಡೆ ಹರಡೇತಿ, ಮೊದಲನೇದ ಮಾಡೂಣು. ಗುರುತ ಮಾತ್ರ ಎದ್ದ ಕಾಣತೈತ್ರಿ."

"ಕಾಣ್ಲಿ ಬಿಡ್ರಿ, ನೋಡಾವ್ರ ಯಾರದಾರ?" ಎಂದೆ. ನಗಿಸಲೆಂದೇ ಅಂದದ್ದು. ನಿಮ್ಮವ್ವ ನಗಲಿಲ್ಲ. ನಾನು ಕಿಟಕಿಯ ಕಡೆ ತಿರುಗಿದೆ.

ಆಪರೇಷನ್ ಆಗಿ, ಬೋರಲು ಮಲಗುವ ದಿನಗಳೂ ಮುಗಿದು, ಕೂರಲು ಡಾಕ್ಟರಮ್ಮ ಒಪ್ಪಿದ ಮೇಲೆ ನಿಮ್ಮ ಊಟದ ಸಾಲಿಗೆ ಬಂದೆ. ನನ್ನ ಜಾಗ ಎಂಬುದು ಅಲ್ಲಿರಲಿಲ್ಲ. ನೀವು ಒತ್ತಿಕೊಂಡು ಕುಳಿತಿದ್ದಿರಿ. ಒಬ್ಬರನ್ನೊಬ್ಬರು ನೋಡಿ ಸರಿದಿರಿ. ಕೂತೆ, ನೋವಿರಲಿಲ್ಲ. ಏನು ಮಾತಾಡಬೇಕೆಂದು ಮಾತ್ರ ತಿಳಿಯಲಿಲ್ಲ.

ಈ ರೋಗ ವಯಸ್ಸಿನ ಹುಡುಗರಿಗೇ ಹೆಚ್ಚು ಬರುತ್ತದಂತೆ. ಹೇಳಲು ನಾಚುವಂಥ ಕಡೆ ನಿಮಗೆ ನೋವಾದರೆ ಈ ಹಾಳೆಗಳನ್ನೇ ಡಾಕ್ಟರ ಕೈಗೆ ಕೊಡಿ, ಮಾತಾಡುವ ಕಷ್ಟವಿಲ್ಲ. ಅಲ್ಲಿಯವರೆಗೆ ಇಲಿ ಕಡಿಯದಂತೆ, ಒದ್ದೆಯಾಗದಂತೆ ಟ್ರಂಕಿನಲ್ಲಿ ಜೋಪಾನವಾಗಿಡಿ.