ಟೇಲರಕ್ಕನ ಹೊಟ್ಟೆ, ಭಾವನ ತೀರ್ಮಾನ

ಟೇಲರಕ್ಕನಿಗೆ ಸಿಟ್ಟು ಬಂದರೆ ಬೀದಿಯ ತುದಿಯ ಅಂಗಡಿಯವನೂ ರೇಡಿಯೊ ಸಣ್ಣ ಮಾಡುತ್ತಿದ್ದ. ಇಪ್ಪತ್ತಾರು ವರ್ಷ ಹೊಲಿಗೆ ಯಂತ್ರ ತುಳಿದವಳು. ಬಾಯಿ ಕತ್ತರಿಗಿಂತ ಹರಿತ. ಹೆಂಡತಿಯ ಅಳತೆಯನ್ನು ಚೀಟಿಯಲ್ಲಿ ಬರೆದು ತಂದ ಗಂಡಂದಿರನ್ನು ಬಾಗಿಲಿಂದಲೇ ವಾಪಸ್ ಕಳಿಸುತ್ತಿದ್ದಳು. "ಹಾಕ್ಕೊಳ್ಳೋರು ಅವ್ರು ತಾನೆ? ಅವ್ರೇ ಬರ್ಲಿ. ಕುತ್ತಿಗೆ ಎಷ್ಟು ಆಳ ಬೇಕು ಅಂತ ನಿಮ್ಮನ್ನ ಕೇಳ್ಲಾ?" ಗಿರಾಕಿ ಹೋದರೂ ಸರಿ, ಕೇಳದೆ ಕತ್ತರಿ ಹಾಕುವವಳಲ್ಲ.

ಅಂಥವಳಿಗೆ ಹೋದ ವರ್ಷ ಕರುಳಿನ ಕ್ಯಾನ್ಸರ್ ಆಯಿತು. ಕೊಯ್ದು ತೆಗೆದರು, ಔಷಧಿ ಏರಿಸಿದರು, ಕೂದಲು ಉದುರಿ ಮತ್ತೆ ಬಂತು. ಈಗ ಅದು ಲಿವರಿಗೆ ಹಬ್ಬಿತ್ತು, ಎರಡು ಗಂಟು. ಇಷ್ಟು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಹೇಳಿದ್ದು ನರ್ಸ್, ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ, ಒಪ್ಪಿಗೆಯ ಕಾಗದ ಚಾಚುತ್ತಾ.

"ಸಣ್ಣ ತೂತು ಹಾಕಿ ಮಾಡೋದು ಬೇಡ, ಹೊಟ್ಟೆ ತೆರೆದೇ ಮಾಡಿ ಅಂತ ನಿಮ್ಮನೆಯವ್ರು ಹೇಳಿದಾರಲ್ಲ. ಇಲ್ಲಿ ಸೈನ್ ಮಾಡಿ."

"ಎರಡು ಥರ ಇದ್ಯಾ?"

ಇತ್ತು. ಹಿಂದಿನ ವಾರ ಡಾಕ್ಟರು ಅವಳ ಗಂಡನನ್ನೂ ಅವನ ಅಣ್ಣನನ್ನೂ ಕೋಣೆಗೆ ಕರೆದು ಅರ್ಧ ಗಂಟೆ ವಿವರಿಸಿದ್ದರು. ಗಂಡಸರಿಗೆ ಹೇಳಿದರೆ ಮನೆಗೆಲ್ಲ ಹೇಳಿದ ಹಾಗೆ ಎಂಬ ದರಿದ್ರ ರೂಢಿ! ಕಾಯಿಲೆಯವಳು ಹೊರಗೆ ಚೀಲ ಕಾಯುತ್ತಾ ಕೂತಿದ್ದಳು. ಭಾವನೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. "ಪೂರ್ತಿ ತೆರೆದು ಕಣ್ಣಾರೆ ನೋಡಿದ್ರೇನೇ ಗಟ್ಟಿ ಕೆಲಸ" ಎಂದು ಅಪ್ಪಣೆ ಕೊಟ್ಟಿದ್ದ. ಗಂಡ ಗೋಣು ಆಡಿಸಿದ್ದ.

ಅವಳ ಮೈಯೆಲ್ಲ ಉರಿದುಹೋಯಿತು. ಅಲ್ಲೇ ನಿಂತಿದ್ದ ಗಂಡನತ್ತ ತಿರುಗಿದಳು. "ರೀ, ನನ್ ಹೊಟ್ಟೆ ಕೊಯ್ಯೋಕೆ ನಿಮ್ಮಣ್ಣನ ತೀರ್ಮಾನಾನಾ?"

"ನಿಂಗೆ ಭಯ ಆಗ್ಬಾರ್ದು ಅಂತ..." ಎಂದು ಗಂಡ ತಡವರಿಸಿದ.

"ಭಯ ನಂದು. ಅದನ್ನೂ ನೀವೇ ಇಟ್ಕೊಂಡ್ರಾ?"

ಅವಳು ಹೇಳಿ ಕಳಿಸಿದ ಮೇಲೆ ಡಾಕ್ಟರು ಬಂದು ಅವಳ ಮಂಚದ ಪಕ್ಕ ಕೂತು ಕಾಗದದ ಮೇಲೆ ಲಿವರಿನ ಚಿತ್ರ ಬಿಡಿಸಿದರು. ತೂತಿನದಾದರೆ ನೋವು ಕಮ್ಮಿ, ಬೇಗ ಮನೆ, ಬೇಗ ಕೆಲಸ. ಗಂಟು ತೆಗೆಯುವ ಮಟ್ಟಿಗೆ ಎರಡೂ ಹೆಚ್ಚೂಕಡಿಮೆ ಒಂದೇ. ಆದರೆ ಅವಳ ಎರಡನೆಯ ಗಂಟು ಹಿಂಭಾಗದಲ್ಲಿ, ದೊಡ್ಡ ರಕ್ತನಾಳದ ಮಗ್ಗುಲಲ್ಲೇ ಇತ್ತು.

"ಅಲ್ಲಿ ನಿಮ್ ಕೈ ಯಾವುದ್ರಲ್ಲಿ ಪಳಗಿದೆ ಡಾಕ್ಟ್ರೇ? ಅಡ್ಡಗೋಡೆ ಮೇಲೆ ದೀಪ ಇಡ್ಬೇಡಿ."

"ಆ ಜಾಗದಲ್ಲಿ ತೆರೆದು ಮಾಡೋದ್ರಲ್ಲೇ. ತೂತಿನಿಂದ ಶುರು ಮಾಡಿದ್ರೂ ಮಧ್ಯದಲ್ಲಿ ತೆರೀಬೇಕಾಗ್ಬಹುದು." ಡಾಕ್ಟರು ತಲೆ ತಗ್ಗಿಸಿದರು. "ಹೋದ ವಾರ ನಿಮ್ಮನ್ನೇ ಕೇಳ್ಬೇಕಿತ್ತು. ತಪ್ಪಾಯ್ತಮ್ಮ."

"ತೆರೆದು ಮಾಡಿದ್ರೆ ಮತ್ತೆ ಮೆಷಿನ್ ತುಳಿಯೋಕೆ?"

"ಎರಡು ಮೂರು ತಿಂಗಳು ಹಿಡಿಯುತ್ತೆ."

ಅವಳು ಆ ಚಿತ್ರವನ್ನು ತುಂಬ ಹೊತ್ತು ನೋಡಿದಳು. "ತೆರೆದೇ ಮಾಡಿ," ಎಂದಳು.

ಬಾಗಿಲಲ್ಲಿ ನಿಂತಿದ್ದ ಭಾವ ನಕ್ಕ. "ನಾನು ಹೇಳಿದ್ದೂ ಅದೇ ಅಲ್ವೇನಮ್ಮಾ? ಅಷ್ಟಕ್ಕೆ ಇಷ್ಟೊಂದು ರಂಪಾನಾ?"

"ಅದೇ ಅಲ್ಲ ಭಾವ. ನಾಳೆ ಹೆಚ್ಚುಕಮ್ಮಿ ಆದ್ರೆ ಸಾಯೋಳು ನಾನು. ಸತ್ರೆ ನನ್ ಮಾತಿಗೆ ಸಾಯ್ತೀನಿ, ನಿಮ್ ಮಾತಿಗಲ್ಲ. ಈಗ ಇಬ್ರೂ ಹೊರಗೆ ನಡೀರಿ."

ಅವರಿಬ್ಬರೂ ಹೊರಗೆ ಹೋಗುವ ತನಕ ಅವಳು ಪೆನ್ನು ಮುಟ್ಟಲಿಲ್ಲ.