ಸೇತುವೆ ಮಂಜೂರಾದ ಬೆಳಗ್ಗೆ

“ಮೇಡಂ, ಕಾಲುವೆ ಮೇಲೆ ಸೇತುವೆ ಬೇಕು ಅಂತ ಅರ್ಜಿ ಕೊಟ್ಟಿದ್ದು ನೀವೇ ತಾನೇ? ಸ್ಯಾಂಕ್ಷನ್ ಆಗಿದೆ!” ಸ್ಕೂಟರಿನಿಂದ ಇಳಿದ ಹುಡುಗಿ ಹೆಲ್ಮೆಟ್ಟನ್ನೂ ತೆಗೆಯದೆ ಹೀಗೆಂದಾಗ, ಗೇಟಿನ ಬಳಿ ಸೊಪ್ಪು ಕೊಳ್ಳುತ್ತಿದ್ದ ನಾನು ಮೆಂತ್ಯದ ಕಟ್ಟನ್ನು ಕೈಬಿಟ್ಟೆ. ಆಕೆ ನಮ್ಮ ವಾರ್ಡಿನ ಹೊಸ ಎಂಜಿನಿಯರ್.

ಉಲ್ಲಾಳದ ನಮ್ಮ ಬೀದಿಗೂ ಬಸ್ ಸ್ಟಾಪಿಗೂ ನಡುವೆ ದೊಡ್ಡ ಕಾಲುವೆಯಿದೆ. ದಾಟಲು ದಾರಿಯಿಲ್ಲದೆ ಎಲ್ಲರೂ ಮುಖ್ಯರಸ್ತೆ ಸುತ್ತಿಕೊಂಡು ಹೋಗುತ್ತಿದ್ದೆವು. ಇಂಥ ಕೆಲಸಕ್ಕೆ ರಾಜ್ಯ ಸರ್ಕಾರದ ಅನುದಾನ ಸಿಗುತ್ತದೆಂದು ಯಾರೋ ಹೇಳಿದ ಮೇಲೆ ಮೂರು ವರ್ಷ ನಾನು ಅರ್ಜಿ ಬರೆಯುತ್ತಲೇ ಇದ್ದೆ. ಪಕ್ಕದ ಮನೆಯ, ಧಾರವಾಡದ ಕಡೆಯ ನೀಲವ್ವಜ್ಜಿ ಮಂಡಿನೋವಿನಲ್ಲೂ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದರು.

ನನ್ನ ಕೂಗು ಕೇಳಿ ಅಜ್ಜಿ ಹೊರಗೆ ಬಂದರು. ಎಂಜಿನಿಯರ್ ತಂದಿದ್ದ ಮಂಜೂರಾತಿ ಆದೇಶದ ಪ್ರತಿಯನ್ನು ಓದಿ ಹೇಳಿದೆ. “ಖರೇನವ್ವಾ?” ಎಂದವರೇ ಎಂಜಿನಿಯರನ್ನು ತಬ್ಬಿಕೊಂಡು ನೆಲದಿಂದ ಎತ್ತಿಯೇಬಿಟ್ಟರು!

“ಅಯ್ಯೋ ಬಿಡಿ ಅಜ್ಜಿ! ಸೇತುವೆ ಕಟ್ಸೋಕೆ ನಾನು ಉಳೀಬೇಕಲ್ವಾ!” ಹೆಲ್ಮೆಟ್ಟಿನೊಳಗಿಂದ ಬಂದ ದನಿಗೆ ಸೊಪ್ಪಿನವನೂ ಬಿದ್ದು ಬಿದ್ದು ನಕ್ಕ. ಅಜ್ಜಿ ಅಷ್ಟಕ್ಕೇ ನಿಲ್ಲಲಿಲ್ಲ. ಎಂಜಿನಿಯರ್ ಕೈ ಹಿಡಿದುಕೊಂಡು ಬೀದಿಯ ಒಂದೊಂದೇ ಮನೆಯ ಬೆಲ್ ಒತ್ತುತ್ತಾ ಹೊರಟರು. ನಾನು ಆದೇಶವನ್ನು ಬಾವುಟದಂತೆ ಎತ್ತಿ ಹಿಡಿದು ಹಿಂದೆಯೇ ಓಡಿದೆ. ಮಧ್ಯಾಹ್ನದ ಹೊತ್ತಿಗೆ ಯಾರದೋ ಮನೆಯಲ್ಲಿ ಕೇಸರಿಬಾತ್ ಕೂಡ ಆಗಿತ್ತು.

ಈಗ ಸೇತುವೆ ಸಿದ್ಧವಾಗಿದೆ. ದಾಟಲು ಹತ್ತೇ ಹೆಜ್ಜೆ. ಮೊನ್ನೆ ಆ ಕಡೆ ಯಾವ ಕೆಲಸವೂ ಇಲ್ಲದೆ ನಾನೂ ಅಜ್ಜಿಯೂ ಅದರ ಮೇಲೆ ಆರು ಸಲ ಓಡಾಡಿ ಬಂದೆವು.