ವೇಪ್ ಅಂಗಡಿಯ ಪರಿಚಯ

ನಾನು ಹಲ್ಲಿನ ಡಾಕ್ಟರು. ದಿನವಿಡೀ ಬೇರೆಯವರ ಬಾಯಿ ನೋಡಿ, ಹೊಗೆಯ ಕಲೆ ಕಂಡರೆ ಸಿಗರೇಟು ಬಿಡಿ ಎಂದು ಹೇಳುವವಳು. ಹಾಗೆ ಹೇಳಿ ಕ್ಲಿನಿಕ್ಕಿನ ಹಿಂದೆ ಕಾರಿನಲ್ಲಿ ಕೂತು ಸೇದುತ್ತಿದ್ದೆ. ಬಾಯಿಗೆ ಏಲಕ್ಕಿ, ಕೈಗೆ ಸ್ಯಾನಿಟೈಸರು. ಗಂಡನಿಗೆ ಗೊತ್ತಿರಲಿಲ್ಲ.

ಬಿಡುವುದಂತೂ ಆಗುತ್ತಿಲ್ಲ, ವೇಪ್‌ಗಾದರೂ, ಅಂದರೆ ಬ್ಯಾಟರಿಯ ಇ-ಸಿಗರೇಟಿಗಾದರೂ ಬದಲಾಯಿಸೋಣ ಎಂದು ಕಳೆದ ವರ್ಷ ಮನಸ್ಸು ಮಾಡಿದೆ. ಪರದೇಶದಲ್ಲಿ ನಾವಿರುವ ಊರು ಡ್ಯಾನ್‌ವಿಲ್‌ನಲ್ಲಿ ಯಾರಾದರೂ ನೋಡಿಯಾರು ಎಂದು ಪಕ್ಕದ ಊರು ಲಿವರ್‌ಮೋರಿನ ಅಂಗಡಿಯೊಂದಕ್ಕೆ ಹೋದೆ. ವಯಸ್ಸು ನೋಡಲು ಲೈಸೆನ್ಸ್ ಕೇಳಿದ ಅಂಗಡಿಯವನು ನನ್ನ ಹೆಸರು ಓದಿ ತಲೆಯೆತ್ತಿದ.

"ಕನ್ನಡದವರೇನ್ರಿ ಅಕ್ಕಾರ? ನಾ ಹುಬ್ಬಳ್ಳಿಯಂವ."

ಓಡಿಹೋಗಬೇಕೆನಿಸಿತು. "ಮೈಸೂರು" ಎಂದೆ, ನೆಲ ನೋಡುತ್ತಾ.

"ದಿನಕ್ಕ ಎಷ್ಟು ಸೇದ್ತೀರಿ?"

"ಎರಡು."

ಆತ ನಗಲಿಲ್ಲ. "ಖರೇ ಹೇಳ್ರಿ. ನೀವು ಕಡಿಮಿ ಹೇಳಿದ್ರ ನಾ ಕಡಿಮಿ ನಿಕೋಟಿನ್‌ದು ಕೊಡ್ತೀನಿ. ಅದು ಸಾಲಂಗಿಲ್ಲ, ಸಂಜೀಕ ಮತ್ತ ಸಿಗರೇಟ್ ಹಚ್ತೀರಿ."

"ಎಂಟು" ಎಂದೆ. ಆ ಸಂಖ್ಯೆಯನ್ನು ಅದಕ್ಕೆ ಮೊದಲು ಯಾರೆದುರೂ ಹೇಳಿರಲಿಲ್ಲ.

ಸಣ್ಣದೊಂದು ಸಾಧನ ತೆಗೆದು ದ್ರವ ತುಂಬಿಸಿ ತೋರಿಸಿದ. "ತುಂಬಿದ ಕೂಡ್ಲೆ ಸೇದಬ್ಯಾಡ್ರಿ. ಒಳಗಿನ ಹತ್ತಿ ನೆನೀಲಿ, ಹತ್ತು ನಿಮಿಷ ಬಿಡ್ರಿ. ಇಲ್ಲಾಂದ್ರ ಸುಟ್ಟ ವಾಸನಿ ಬರ್ತೈತಿ. ಸಿಗರೇಟಿನಂಗ ಜೋರಾಗಿ ಎಳೀಬ್ಯಾಡ್ರಿ, ಸಾವಕಾಶ. ನೀರು ಕುಡೀರಿ. ಇದೂ ಸಿಗರೇಟೂ ಎರಡೂ ಕೂಡಿಸಿ ಸೇದಬ್ಯಾಡ್ರಿ. ಮತ್ತ ಇದೂ ಒಳ್ಳೇದಲ್ರೀ ಅಕ್ಕಾರ. ಇದನ್ನೂ ಒಂದಿನ ಬಿಡೂದ ಐತಿ."

ನನ್ನ ಪೇಷೆಂಟುಗಳಿಗೆ ನಾನು ಅಷ್ಟು ತಾಳ್ಮೆಯಿಂದ ಎಂದೂ ಹೇಳಿಲ್ಲ. ಆಮೇಲೆ ನಾಲ್ಕೈದು ಸಲ ಹೋದೆ. ಕೆಮ್ಮು ಬಂದಾಗ, ಗಂಟಲು ಒಣಗಿದಾಗ ಕೇಳಿದೆ. ಸಿಗರೇಟು ನಿಂತೇಹೋಯಿತು.

ಒಂದು ಭಾನುವಾರ ಗಂಡನ ಜೊತೆ ಲಿವರ್‌ಮೋರಿನ ದೇವಸ್ಥಾನಕ್ಕೆ ಹೋಗಿದ್ದೆ. ಪ್ರಸಾದದ ಸಾಲಿನಲ್ಲಿ ಆ ಅಂಗಡಿಯವನು, ಪಕ್ಕದಲ್ಲಿ ಅವನ ಹೆಂಡತಿ.

"ನಮಸ್ಕಾರ್ರೀ ಅಕ್ಕಾರ, ಆರಾಮದೀರಿ?" ಎಂದ. ಆಕೆಯ ಮುಖವೂ ಅರಳಿತು. "ಇವರ ಏನ್ರೀ, ನೀವು ಹೇಳ್ತಿದ್ದ ಮೈಸೂರಿನ ಅಕ್ಕಾರು?"

ಗಂಡ ನನ್ನತ್ತ ತಿರುಗಿದರು. ನಾನು ಹೇಳಿದೆ: "ಸಾರಿ, ಬೇರೆ ಯಾರೋ ಅಂದ್ಕೊಂಡಿದೀರ ಅನ್ಸತ್ತೆ."

ಆತ ಒಂದು ಗಳಿಗೆ ನನ್ನನ್ನು ನೋಡಿ, ಹೆಂಡತಿಯ ತೋಳು ಮುಟ್ಟಿದ. "ಹೌದ್ರಿ, ತಪ್ಪಾತು. ಅವರಂಗ ಕಂಡ್ರಿ" ಎಂದು ಸಾಲು ಬಿಟ್ಟು ಹಿಂದಕ್ಕೆ ಹೋದ. ಆಕೆ ಎರಡು ಸಲ ತಿರುಗಿ ನೋಡಿದಳು.

ಕಾರಿನಲ್ಲಿ ಗಂಡ, "ಪಾಪ, ಕನ್ನಡದವರು. ಎರಡು ಮಾತಾಡಬಹುದಿತ್ತಲ್ಲ ನೀನು" ಎಂದರು. ನಾನು ರೇಡಿಯೋ ಹಾಕಿದೆ.

ಎರಡು ವಾರ ಅಂಗಡಿಯ ಕಡೆ ಹೋಗಲಿಲ್ಲ. ಕೊನೆಗೆ ಕ್ಷಮೆ ಕೇಳಲೆಂದೇ ಹೋದೆ. ನಾನು ಬಾಯಿ ತೆರೆಯುವ ಮುಂಚೆ ಆತನೇ, "ಮಂದಿ ಮುಂದ ಹಂಗ ಮಾತಾಡಿಸಬಾರದಾಗಿತ್ತು ನಾನು. ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದ. ನಾನು ಹೇಳಬೇಕಾಗಿದ್ದನ್ನು ಅವನು ಹೇಳಿಬಿಟ್ಟಿದ್ದ. ತಲೆಯಾಡಿಸಿ ಹೊರಗೆ ಬಂದೆ. ಕ್ಷಮಿಸಿ ಎಂಬ ಒಂದು ಪದ ನನ್ನಿಂದ ಹೊರಡಲಿಲ್ಲ.

ಆ ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಸಿಗರೇಟಿನ ವಿಷಯಕ್ಕೆ ಬೈಯುತ್ತಾರೆ ಅಂದುಕೊಂಡಿದ್ದೆ. ಅದರ ಬದಲು ಅವರು, "ಹಾಗಾದ್ರೆ ಅವತ್ತು ದೇವಸ್ಥಾನದಲ್ಲಿ ಸಿಕ್ಕವರು ನಿಂಗೆ ಗೊತ್ತಿದ್ರಾ?" ಎಂದು ಕೇಳಿದರು. ಆಮೇಲೆ, "ಆ ಹೆಂಗಸು ಏನಂದ್ಕೊಂಡ್ರೋ" ಎಂದರು.

ಆಕೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ನಿಕೋಟಿನ್ ಇಳಿಸುತ್ತಾ ಬಂದು, ಈ ಬೇಸಿಗೆಯಲ್ಲಿ ವೇಪನ್ನೂ ಬಿಟ್ಟೆ. ಅವರಿಬ್ಬರನ್ನೂ ಊಟಕ್ಕೆ ಕರೆಯೋಣ ಎಂದು ಗಂಡ ಆಗಾಗ ನೆನಪಿಸುತ್ತಾರೆ. ಹೂಂ ಅನ್ನುತ್ತೇನೆ. ಇನ್ನೂ ಕರೆದಿಲ್ಲ.